ಹೊಸ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ: ತಪ್ಪಿ ರನ್‌ವೇಗೆ ನುಗ್ಗದಿರುವುದು ಹೇಗೆ

2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಸೆಸ್ನಾ ಸಿಟೇಶನ್ ಎಂಬ ಒಂದು ಚಿಕ್ಕ ಜೆಟ್‌ಗೆ ಟ್ಯಾಕ್ಸಿ ಮಾಡಲು, ಅಂದರೆ ನೆಲದ ಮೇಲೆ ಸಾಗಲು, ಆರ್5 ಎಂಬ ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿಬರುವ ದಾರಿ) ಹಿಡಿಯಲು ಸೂಚನೆ ಬಂತು. ಪೈಲಟ್ ಆರ್5 ಎಂದೇ ಸರಿಯಾಗಿ ರೀಡ್‌ಬ್ಯಾಕ್ ಮಾಡಿದರು, ಅಂದರೆ ಸೂಚನೆಯನ್ನು ತಿರುಗಿ ಹೇಳಿದರು. ವಿಮಾನ ಸಾಗಿದ್ದು ಮಾತ್ರ ಆರ್6ರಲ್ಲಿ, ಎಂಡಿ-87 ಪ್ರಯಾಣಿಕ ವಿಮಾನವೊಂದು ಟೇಕಾಫ್‌ಗೆ ಓಡುತ್ತಿದ್ದ ರನ್‌ವೇ ಕಡೆಗೆ. 118 ಜನ ಸತ್ತರು. ಬಾಯಲ್ಲಿ ಹೇಳಿದ ದಾರಿ ಮತ್ತು ಚಕ್ರ ಹಿಡಿದ ದಾರಿ ಎರಡೂ ಒಂದೇ ಎಂದು ಪ್ರತಿ ತಿರುವಿನಲ್ಲೂ ನೋಡಿಕೊಳ್ಳಬೇಕು. ಕೆಳಗಿನದ್ದೆಲ್ಲ ಅದಕ್ಕಾಗಿಯೇ.

ಕೆಲಸ ಶುರುವಾಗುವುದು ಎಂಜಿನ್ ಚಾಲೂ ಮಾಡುವ ಮೊದಲೇ. ಚಾಲ್ತಿಯಲ್ಲಿರುವ ಏರೋಡ್ರೋಮ್ ಚಾರ್ಟ್ (ನಿಲ್ದಾಣದ ನಕ್ಷೆ) ತೆರೆಯಿರಿ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ತಾತ್ಕಾಲಿಕ ಸೂಚನೆ) ಓದಿ, ಮುಚ್ಚಿದ ಟ್ಯಾಕ್ಸಿವೇಗಳನ್ನು ಅದರ ಮೇಲೆ ಕಾಟು ಹಾಕಿ. ಏಟಿಸ್‌ನಿಂದ (ನಿಲ್ದಾಣದ ಮಾಹಿತಿಯನ್ನು ರೇಡಿಯೋದಲ್ಲಿ ಸತತವಾಗಿ ಬಿತ್ತರಿಸುವ ಸೇವೆ) ಬಳಕೆಯಲ್ಲಿರುವ ರನ್‌ವೇ ತಿಳಿದ ಮೇಲೆ, ನಿಂತ ಜಾಗದಿಂದ ಅಲ್ಲಿಯವರೆಗೆ ಬರಬಹುದಾದ ದಾರಿಯನ್ನು ಬೆರಳಿನಿಂದ ಗುರುತಿಸಿ. ಅದು ಎಲ್ಲಿ, ಯಾವ ರನ್‌ವೇಯನ್ನು ದಾಟುತ್ತದೆ? ಎಚ್‌ಎಸ್1, ಎಚ್‌ಎಸ್2 ಎಂದು ವೃತ್ತ ಹಾಕಿ ಗುರುತಿಸಿದ ಹಾಟ್ ಸ್ಪಾಟ್‌ಗಳು, ಅಂದರೆ ಸುಲಭವಾಗಿ ದಾರಿ ತಪ್ಪುವ ಜಾಗಗಳು ಯಾವುವು? ವೃತ್ತ ನೋಡಿ ಬಿಟ್ಟರೆ ಸಾಲದು, ಅದರ ವಿವರಣೆಯನ್ನೂ ಓದಿ. ಜನ ಎಲ್ಲಿ ತಪ್ಪುತ್ತಾರೆ ಎಂಬುದು ಅಲ್ಲೇ ಬರೆದಿರುತ್ತದೆ. ಆ ನಿಲ್ದಾಣದಲ್ಲಿ ಇಳಿಯುವುದಾದರೆ ಇದೇ ಕೆಲಸವನ್ನು ಡಿಸೆಂಟ್ (ಎತ್ತರದಿಂದ ಕೆಳಗಿಳಿಯುವುದು) ಶುರುವಾಗುವ ಮೊದಲು ಮುಗಿಸಿ.

ಕಂಟ್ರೋಲರ್‌ನಿಂದ ಕ್ಲಿಯರೆನ್ಸ್ (ಅನುಮತಿ) ಬಂದಾಗ ಬರೆದುಕೊಳ್ಳಿ, ಚಾರ್ಟ್‌ಗೆ ಹೋಲಿಸಿ, ಆಮೇಲೆ ಬ್ರೇಕ್ ಬಿಡಿ. ಹೋಲ್ಡ್ ಶಾರ್ಟ್ (ರನ್‌ವೇಗೆ ಮುನ್ನ ನಿಲ್ಲಿ) ಸೂಚನೆಯನ್ನು ರನ್‌ವೇ ಸಂಖ್ಯೆ ಮತ್ತು ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನದ ಹೆಸರು) ಸಹಿತ ಹಿಂದಿರುಗಿ ಹೇಳಿ. ಬರೀ ‘ರೋಜರ್’ ಉತ್ತರವಲ್ಲ. ದಾರಿಯಲ್ಲಿ ಅಡ್ಡ ಬರುವ ಪ್ರತಿ ರನ್‌ವೇಗೂ ದಾಟಲು ಪ್ರತ್ಯೇಕ ಅನುಮತಿ ಬೇಕು, ಅದು ಆ ಹೊತ್ತಿಗೆ ಬಳಕೆಯಲ್ಲಿಲ್ಲದಿದ್ದರೂ. ನಿಲ್ದಾಣ ನಿಮಗೆ ಹೊಸದಾಗಿದ್ದರೆ ಮೊದಲ ಕರೆಯಲ್ಲೇ ಹಾಗೆಂದು ತಿಳಿಸಿ, ಪ್ರೋಗ್ರೆಸಿವ್ ಟ್ಯಾಕ್ಸಿ ಕೇಳಿ. ತಿರುವಿನಿಂದ ತಿರುವಿಗೆ ದಾರಿ ಹೇಳಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕಂಟ್ರೋಲರ್‌ಗೂ ಅದೇ ಹಿತ.

ಕ್ಲಿಯರೆನ್ಸ್‌ನಂತೆ ಕೇಳಿಸಿದರೂ ಕ್ಲಿಯರೆನ್ಸ್ ಅಲ್ಲದ ಮಾತುಗಳಿವೆ. 2024ರ ಜನವರಿ 2ರಂದು ಟೋಕಿಯೋದ ಹನೆಡಾದಲ್ಲಿ ಕೋಸ್ಟ್ ಗಾರ್ಡ್ ವಿಮಾನಕ್ಕೆ ‘ನಂಬರ್ ಒನ್’ ಎಂಬ ಸರದಿಯ ಜೊತೆ ಹೋಲ್ಡಿಂಗ್ ಪಾಯಿಂಟ್‌ವರೆಗೆ (ರನ್‌ವೇಗೆ ಮುನ್ನ ನಿಲ್ಲುವ ಜಾಗ) ಬರಲು ಹೇಳಲಾಗಿತ್ತು. ಅದು ರನ್‌ವೇಗೆ ಹೋಗಿ ನಿಂತಿತು. ಇಳಿಯುತ್ತಿದ್ದ ಎ350 ಪ್ರಯಾಣಿಕ ವಿಮಾನ ಡಿಕ್ಕಿ ಹೊಡೆಯಿತು. ಕೋಸ್ಟ್ ಗಾರ್ಡ್ ವಿಮಾನದಲ್ಲಿದ್ದ ಐವರು ಸತ್ತರು. ಸರದಿ ಸಂಖ್ಯೆ ಎಂದರೆ ಬರೀ ಸರದಿ. ‘ಲೈನ್ ಅಪ್’ (ರನ್‌ವೇ ಮೇಲೆ ಬಂದು ನಿಲ್ಲಿ), ‘ಕ್ರಾಸ್’ (ದಾಟಿ) ಅಥವಾ ‘ಕ್ಲಿಯರ್ಡ್ ಫಾರ್ ಟೇಕಾಫ್’ ಎಂಬ ಪದಗಳು ರನ್‌ವೇ ಸಂಖ್ಯೆಯೊಂದಿಗೆ ಕಿವಿಗೆ ಬೀಳುವವರೆಗೆ ರನ್‌ವೇಗೆ ಮುನ್ನ ಬಳಿದಿರುವ ನಿಲ್ಲುವ ಗೆರೆ ದಾಟಬೇಡಿ.

ಇನ್ನು ಫಲಕಗಳು. ಕಪ್ಪು ಹಿನ್ನೆಲೆಯ ಹಳದಿ ಅಕ್ಷರ ನೀವು ಈಗ ಯಾವ ಟ್ಯಾಕ್ಸಿವೇಯಲ್ಲಿದ್ದೀರಿ ಎಂದು ಹೇಳುತ್ತದೆ. ಹಳದಿ ಹಿನ್ನೆಲೆಯ ಕಪ್ಪು ಅಕ್ಷರ, ಬಾಣದೊಂದಿಗೆ, ಮುಂದಿನ ದಾರಿಗಳನ್ನು ತೋರಿಸುತ್ತದೆ. ಕೆಂಪು ಹಿನ್ನೆಲೆಯ ಬಿಳಿ ಅಕ್ಷರ ಕಂಡರೆ ಅನುಮತಿಯಿಲ್ಲದೆ ಮುಂದೆ ಹೋಗುವಂತಿಲ್ಲ. ನೆಲದ ಮೇಲಿನ ಹೋಲ್ಡಿಂಗ್ ಗುರುತಿನಲ್ಲಿ ನಾಲ್ಕು ಹಳದಿ ಗೆರೆಗಳು: ಎರಡು ಅಖಂಡ, ಎರಡು ತುಂಡು. ಅಖಂಡ ಗೆರೆ ನಿಮ್ಮ ಕಡೆ ಇದ್ದರೆ ನಿಲ್ಲಬೇಕು; ತುಂಡು ಗೆರೆ ನಿಮ್ಮ ಕಡೆ ಇದ್ದರೆ ನೀವು ರನ್‌ವೇಯಿಂದ ಹೊರಬರುತ್ತಿದ್ದೀರಿ.

ಚಿಕ್ಕ ನಿಲ್ದಾಣದಲ್ಲಿ ಹಾರಿ ಅಭ್ಯಾಸವಾದವರು ದೊಡ್ಡ ಕಡೆ ಎಡವುವುದು ಈ ಗೆರೆಯ ಜಾಗದಲ್ಲಿ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅತಿ ಚಿಕ್ಕ, ಉಪಕರಣ ನೆರವಿಲ್ಲದ ರನ್‌ವೇಯಲ್ಲಿ ಅದು ಮಧ್ಯರೇಖೆಯಿಂದ 30 ಮೀಟರ್ ದೂರದಲ್ಲಿರಬಹುದು. ದೊಡ್ಡ ಪ್ರಿಸಿಷನ್ ಅಪ್ರೋಚ್ (ಉಪಕರಣದ ನೆರವಿನಿಂದ ನಿಖರವಾಗಿ ಇಳಿಯುವ) ರನ್‌ವೇಯಲ್ಲಿ ಸಾಮಾನ್ಯವಾಗಿ 90 ಮೀಟರ್. ರನ್‌ವೇ ಇನ್ನೂ ದೂರವಿದೆ ಎಂದುಕೊಳ್ಳುವಷ್ಟರಲ್ಲೇ ಗೆರೆ ಬಂದುಬಿಡುತ್ತದೆ. ಕಣ್ಣು ಗೆರೆಗಾಗಿ ಹುಡುಕಬೇಕು, ರನ್‌ವೇಗಾಗಿ ಅಲ್ಲ. ಅಡ್ಡಲಾಗಿ ಉರಿಯುವ ಕೆಂಪು ದೀಪಗಳ ಸಾಲು, ಸ್ಟಾಪ್ ಬಾರ್, ಆರದೆ ಇದ್ದರೆ, ದಾಟಲು ಹೇಳಿದ್ದಾರೆ ಎನಿಸಿದರೂ ನಿಂತು ಕೇಳಿ.

ಚೆಕ್‌ಲಿಸ್ಟ್, ಎಫ್‌ಎಂಎಸ್‌ಗೆ (ವಿಮಾನದ ಹಾರಾಟ ನಿರ್ವಹಣಾ ಕಂಪ್ಯೂಟರ್) ಅಂಕಿ ತುಂಬುವುದು, ಕಂಪನಿಯ ಜೊತೆ ರೇಡಿಯೋ ಮಾತು, ಇವೆಲ್ಲ ವಿಮಾನ ನಿಂತಾಗ ಆಗಲಿ. ಇಬ್ಬರಿದ್ದರೆ, ತಲೆ ತಗ್ಗಿಸುವವರು ಹೇಳಿಯೇ ತಗ್ಗಿಸಬೇಕು. ಟ್ಯಾಬ್ಲೆಟ್‌ನ ಚಲಿಸುವ ನಕ್ಷೆ ಒಳ್ಳೆಯ ನೆರವು, ಆದರೆ ನಿನ್ನೆ ಮುಚ್ಚಿದ ಟ್ಯಾಕ್ಸಿವೇ ಅದರಲ್ಲಿ ತೆರೆದೇ ಕಾಣಬಹುದು.

ರನ್‌ವೇ ದಾಟುವಾಗ ಹೊರಗಿನ ದೀಪಗಳನ್ನು ಹಾಕಿ, ಎರಡೂ ಬದಿಯ ಫೈನಲ್ (ಇಳಿಯಲು ಬರುವ ವಿಮಾನದ ಕೊನೆಯ ನೇರ ದಾರಿ) ನೋಡಿ, ನಿಲ್ಲದೆ ದಾಟಿ. ಲೈನ್ ಅಪ್ ಆದಾಗ ಹೆಡಿಂಗ್ (ಮೂಗು ತೋರುವ ದಿಕ್ಕು) ಮತ್ತು ರನ್‌ವೇ ಸಂಖ್ಯೆ (ಹತ್ತರಿಂದ ಗುಣಿಸಿದರೆ ಸುಮಾರಾಗಿ ಅದರ ದಿಕ್ಕು) ಹೊಂದುತ್ತವೆಯೇ ಎಂದು ಗಟ್ಟಿಯಾಗಿ ಹೇಳಿ. 2006ರ ಆಗಸ್ಟ್ 27ರಂದು ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ರನ್‌ವೇ 22ರಿಂದ ಹಾರಬೇಕಿದ್ದ ಜೆಟ್ ಚಿಕ್ಕದಾದ 26ರಿಂದ ಓಡಿ 49 ಜನ ಸತ್ತರು. ಅಲ್ಲಿ ಹೆಡಿಂಗ್‌ನ ವ್ಯತ್ಯಾಸ ಸುಮಾರು 40 ಡಿಗ್ರಿ.

ಇಳಿದ ನಂತರ ಬಾಲವೂ ಗೆರೆ ದಾಟುವವರೆಗೆ ರನ್‌ವೇ ಬಿಟ್ಟಂತಲ್ಲ. ಹೊರಬರಲು ಇನ್ನೊಂದು ರನ್‌ವೇಗೆ ತಿರುಗಬೇಡಿ. ಸಮಾನಾಂತರ ರನ್‌ವೇ ಮುಂದಿದ್ದರೆ ಅದರ ಗೆರೆ ಕೆಲವೇ ಕ್ಷಣಗಳಲ್ಲಿ ಬರುತ್ತದೆ, ಆದ್ದರಿಂದ ಫ್ಲಾಪ್ ಎತ್ತುವ ಕೆಲಸ ಕಾಯಲಿ. ಟವರ್ ಹೇಳುವವರೆಗೆ ಫ್ರೀಕ್ವೆನ್ಸಿ ಬದಲಿಸಬೇಡಿ.

ದಾರಿ ತಪ್ಪಿದೆ ಎನಿಸಿದರೆ ಟ್ಯಾಕ್ಸಿವೇಯಲ್ಲಿ ತಕ್ಷಣ ನಿಲ್ಲಿ, ಕಾಣುವ ಫಲಕದಲ್ಲಿ ಏನಿದೆಯೋ ಅದನ್ನೇ ಓದಿ ಹೇಳಿ. ಆಗಲೇ ರನ್‌ವೇ ಮೇಲಿದ್ದರೆ ಮಾತ್ರ ನಿಂತು ಯೋಚಿಸಬಾರದು: ‘ರನ್‌ವೇ ಮೇಲಿದ್ದೇನೆ’ ಎಂದು ರೇಡಿಯೋದಲ್ಲಿ ಹೇಳುತ್ತಲೇ ಹತ್ತಿರದ ಟ್ಯಾಕ್ಸಿವೇಯಿಂದ ಹೊರಬನ್ನಿ, ಬಾಲ ಗೆರೆ ದಾಟಿದ ಮೇಲೆ ನಿಂತು ಮುಂದಿನ ಸೂಚನೆ ಕೇಳಿ.