ಲಾಭದ ಲೆಕ್ಕಕ್ಕೆ ಮೊದಲು ಕಂಪನಿಗಳ ಲೆಕ್ಕ: ಬ್ರಿಟನ್ನಿನ ಅಸೋಸಿಯೇಟೆಡ್ ಕಂಪನಿ ನಿಯಮ

ಲಂಡನ್ನಿನಲ್ಲಿ ಒಂದು ಲಿಮಿಟೆಡ್ ಕಂಪನಿ, ಬೆಂಗಳೂರಿನಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಇಟ್ಟುಕೊಂಡವರ ಸಿಟಿ600 (ಬ್ರಿಟನ್ನಿನ ಕಂಪನಿ ತೆರಿಗೆ ರಿಟರ್ನ್) ತುಂಬುವಾಗ ನಾನು ಲಾಭದ ಅಂಕಿಗೆ ಕೈಹಾಕುವುದು ಕೊನೆಗೆ. ಕಂಪನಿಗಳ ಎಣಿಕೆ ಮುಗಿಯದೆ ತೆರಿಗೆ ದರವೇ ಗೊತ್ತಾಗುವುದಿಲ್ಲ.

2023ರ ಏಪ್ರಿಲ್ 1ರಿಂದ ಬ್ರಿಟನ್ನಿನಲ್ಲಿ 50,000 ಪೌಂಡ್‌ವರೆಗಿನ ಲಾಭಕ್ಕೆ ಶೇ 19, 2,50,000 ದಾಟಿದರೆ ಶೇ 25 ಕಾರ್ಪೊರೇಷನ್ ಟ್ಯಾಕ್ಸ್ (ಕಂಪನಿಯ ಲಾಭದ ಮೇಲಿನ ತೆರಿಗೆ). ನಡುವಿನವರು ಶೇ 25ರಂತೆ ಲೆಕ್ಕ ಹಾಕಿ, ಅದರಲ್ಲಿ ಮಾರ್ಜಿನಲ್ ರಿಲೀಫ್ (ನಡುವಿನ ಲಾಭಕ್ಕೆ ಸಿಗುವ ರಿಯಾಯಿತಿ) ಕಳೆಯಬೇಕು. ಈ ಎರಡೂ ಮಿತಿಗಳು ಒಂಟಿ ಕಂಪನಿಯ 12 ತಿಂಗಳಿಗೆ. ಅಸೋಸಿಯೇಟೆಡ್ ಕಂಪನಿ, ಅಂದರೆ ಒಂದೇ ನಿಯಂತ್ರಣದಲ್ಲಿರುವ ಇನ್ನೊಂದು ಕಂಪನಿ, ಒಂದಿದ್ದರೆ ಎರಡರಿಂದ ಭಾಗಿಸಿ, ಎರಡಿದ್ದರೆ ಮೂರರಿಂದ. ಅವಧಿ ಚಿಕ್ಕದಾದರೆ ಅದೇ ಪ್ರಮಾಣದಲ್ಲಿ ಇನ್ನೂ ತಗ್ಗುತ್ತದೆ.

ಒಂದು ಲೆಕ್ಕ ನೋಡಿ. ಲಂಡನ್ ಕಂಪನಿಯ ತೆರಿಗೆಗೊಳಪಡುವ ಲಾಭ 90,000 ಪೌಂಡ್, ಬೇರೆ ಡಿವಿಡೆಂಡ್ ಆದಾಯವಿಲ್ಲ. ಒಂಟಿ ಕಂಪನಿಯಾದರೆ ರಿಲೀಫ್ (2,50,000 − 90,000) × 3/200 (ನಿಗದಿತ ಪ್ರಮಾಣ), ಅಂದರೆ 2,400, ತೆರಿಗೆ 20,100. ಅದೇ ಮಾಲೀಕರು ಬೆಂಗಳೂರಿನ ಕಂಪನಿಯಲ್ಲಿ ಶೇ 60 ಷೇರು ಹೊಂದಿದ್ದರೆ ಮೇಲಿನ ಮಿತಿ 1,25,000ಕ್ಕೆ ಇಳಿಯುತ್ತದೆ. ರಿಲೀಫ್ 525, ತೆರಿಗೆ 21,975. ಇನ್ನೊಂದು ಕಂಪನಿ ಸೇರಿತೋ, ಮಿತಿ 83,333. ರಿಲೀಫ್ ಪೂರ್ತಿ ಹೋಯಿತು, ತೆರಿಗೆ 22,500. ಬೆಂಗಳೂರಿನ ಕಂಪನಿ ನಷ್ಟದಲ್ಲಿದ್ದರೂ ಲೆಕ್ಕ ಇಷ್ಟೇ. ಭಾಗಿಸುವುದು ತಲೆ ಎಣಿಸಿ, ಲಾಭ ನೋಡಿ ಅಲ್ಲ.

‘ಅಸೋಸಿಯೇಟೆಡ್ ಕಂಪನಿ ಇದೆಯೇ?’ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಇಲ್ಲ ಎಂದೇ ಉತ್ತರ ಬರುತ್ತದೆ. ‘ನಿಮ್ಮ, ನಿಮ್ಮ ಮನೆಯವರ ಹೆಸರಿನಲ್ಲಿ ಯಾವ ದೇಶದಲ್ಲಾದರೂ ಷೇರು ಇರುವ ಕಂಪನಿಗಳನ್ನೆಲ್ಲ ಬರೆದುಕೊಡಿ’ ಎನ್ನುತ್ತೇನೆ. ಆಗ ‘ಅದು ಊರಿನ ಕಂಪನಿ, ಇಲ್ಲಿಗೇನು ಸಂಬಂಧ?’ ಎಂಬ ಮಾತು ಬರುತ್ತದೆ. ಸಂಬಂಧ ಇದೆ: ಕಂಪನಿ ಯಾವ ದೇಶದ್ದಾದರೂ ಎಣಿಕೆಗೆ ಬರುತ್ತದೆ. ಭಾರತದ ಕಂಪನಿಗೆ ಎಂಜಿಟಿ-7 ಅಥವಾ 7ಎ (ಕಂಪನಿಯ ವಾರ್ಷಿಕ ರಿಟರ್ನ್) ತರಿಸಿಕೊಂಡರೆ ಷೇರುದಾರರ ವಿವರ ಸಿಗುತ್ತದೆ.

ಮುಂದಿನ ಪ್ರಶ್ನೆ ನಿಯಂತ್ರಣದ್ದು. ಒಂದು ಕಂಪನಿ ಇನ್ನೊಂದನ್ನು ನಿಯಂತ್ರಿಸಬೇಕು, ಇಲ್ಲವೇ ಎರಡೂ ಒಬ್ಬರ ಅಥವಾ ಒಂದೇ ಗುಂಪಿನ ಕೈಯಲ್ಲಿರಬೇಕು. ಷೇರು ಬಂಡವಾಳ, ಮತ, ಹಂಚುವ ಆದಾಯ, ಮುಚ್ಚುವಾಗ ಸಿಗುವ ಆಸ್ತಿ, ಇವುಗಳಲ್ಲಿ ಯಾವುದರಲ್ಲಾದರೂ ಅರ್ಧಕ್ಕಿಂತ ಹೆಚ್ಚು ಪಾಲಿದ್ದರೆ ಸಾಕು. ಇಬ್ಬರು ಗೆಳೆಯರು ಎರಡು ಕಂಪನಿಗಳಲ್ಲೂ 50-50 ಇದ್ದರೆ ಅವು ಅಸೋಸಿಯೇಟೆಡ್, ವ್ಯವಹಾರಗಳಿಗೆ ಪರಸ್ಪರ ನಂಟೇ ಇಲ್ಲದಿದ್ದರೂ.

ತಪ್ಪು ಹೆಚ್ಚಾಗುವುದು ಕುಟುಂಬದ ಷೇರುಗಳಲ್ಲಿ. ಗಂಡನ ಕಂಪನಿ ಬೇರೆ, ಹೆಂಡತಿಯದು ಬೇರೆ ಆಗಿದ್ದಾಗ ಒಬ್ಬರ ಹಕ್ಕನ್ನು ಇನ್ನೊಬ್ಬರದಕ್ಕೆ ಸೇರಿಸುವುದು ಎರಡು ಕಂಪನಿಗಳ ನಡುವೆ ಗಣನೀಯ ವಾಣಿಜ್ಯ ಅವಲಂಬನೆ ಇದ್ದಾಗ ಮಾತ್ರ. ಅದನ್ನು ಮೂರು ಕಡೆ ಹುಡುಕುತ್ತೇನೆ: ಹಣ (ಒಂದು ಇನ್ನೊಂದಕ್ಕೆ ಸಾಲ ಕೊಟ್ಟಿದೆಯೇ), ವ್ಯವಹಾರ (ಎರಡಕ್ಕೂ ಅದೇ ಗ್ರಾಹಕರೇ, ಒಂದರ ಕೆಲಸದಿಂದ ಇನ್ನೊಂದಕ್ಕೆ ಲಾಭವೇ), ಆಡಳಿತ (ಅದೇ ಕಚೇರಿ, ಅದೇ ಸಿಬ್ಬಂದಿ, ಅದೇ ಉಪಕರಣ). ಒಂದರಲ್ಲೇ ನಂಟು ಗಟ್ಟಿಯಾಗಿದ್ದರೂ ಸಾಕು. ಗಂಡನದು ಸಾಫ್ಟ್‌ವೇರ್, ಹೆಂಡತಿಯದು ಕೇಟರಿಂಗ್, ಹಣದ ಓಡಾಟವಿಲ್ಲ ಎಂದರೆ ಬಿಡುತ್ತೇನೆ. ಹುಬ್ಬಳ್ಳಿಯಲ್ಲಿರುವ ತಮ್ಮನ ಕಂಪನಿ ಲಂಡನ್ ಕಂಪನಿಗಷ್ಟೇ ಕೋಡಿಂಗ್ ಮಾಡಿಕೊಡುತ್ತಿದ್ದರೆ ಎಣಿಸುತ್ತೇನೆ. ಸಂಬಂಧಿಕರು ಅಂದರೆ ಇಲ್ಲಿ ಗಂಡ ಹೆಂಡತಿ, ಅಪ್ಪ ಅಮ್ಮ ಮತ್ತು ಅವರ ಹಿಂದಿನವರು, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು. ಅಣ್ಣ ಬರುತ್ತಾನೆ, ಅತ್ತಿಗೆ, ಭಾವಮೈದುನ, ಚಿಕ್ಕಪ್ಪ ಬರುವುದಿಲ್ಲ. ಆದರೆ ಪಾರ್ಟ್‌ನರ್‌ಶಿಪ್ ವ್ಯವಹಾರದ ಪಾಲುದಾರರೂ ಈ ಪಟ್ಟಿಯಲ್ಲಿರುವುದರಿಂದ ಭಾವಮೈದುನ ಆ ದಾರಿಯಲ್ಲಿ ಒಳಗೆ ಬರಬಹುದು.

ಇನ್ನು ಕೈಬಿಡುವ ಕಂಪನಿಗಳು. ಅವಧಿಯ ಯಾವ ದಿನವೂ ವ್ಯಾಪಾರ ವ್ಯವಹಾರ ಮಾಡದ ಕಂಪನಿ ಎಣಿಕೆಗಿಲ್ಲ. ಬ್ಯಾಂಕಿನಲ್ಲಿ ಎಫ್‌ಡಿ ಬಿಟ್ಟು ಬೇರೇನೂ ಇಲ್ಲದ ಕಂಪನಿಯನ್ನು ಸಾಮಾನ್ಯವಾಗಿ ಬಿಡಬಹುದು. ಫ್ಲ್ಯಾಟ್ ಬಾಡಿಗೆಗೆ ಕೊಡುವ ಕಂಪನಿಯನ್ನು ನಾನು ಬಿಡುವುದಿಲ್ಲ. ಅವಧಿಯ ಮೊದಲ ವಾರದಲ್ಲೇ ವ್ಯಾಪಾರ ನಿಲ್ಲಿಸಿದ್ದರೂ, ಷೇರು ಮಾರಿದ್ದರೂ ಆ ಇಡೀ ಅವಧಿಗೆ ಅದು ಲೆಕ್ಕಕ್ಕುಂಟು. ಹಾಗಾಗಿ ಮುಚ್ಚುವ ಇಲ್ಲವೇ ಮಾರುವ ಯೋಚನೆ ಇದ್ದರೆ ಲಂಡನ್ ಕಂಪನಿಯ ವರ್ಷಾಂತ್ಯದೊಳಗೆ ಮುಗಿಸಿ ಎನ್ನುತ್ತೇನೆ. ಒಂದು ದಿನ ತಡವಾದರೆ ಮುಂದಿನ ವರ್ಷದ ಮಿತಿಯೂ ಹೋಯಿತು.

ಸಂಖ್ಯೆ ಹೋಗುವುದು ಸಿಟಿ600ರ 326ನೇ ಬಾಕ್ಸಿಗೆ, ರಿಲೀಫ್ 435ಕ್ಕೆ. ಸಾಫ್ಟ್‌ವೇರ್ ತಾನೇ ಕೂಡಿ ಕಳೆಯುತ್ತದೆ, ಆದರೆ 326 ಖಾಲಿ ಬಿಟ್ಟರೆ ಸೊನ್ನೆ ಎಂದೇ ತಿಳಿಯುತ್ತದೆ. ಎಣಿಸಿದ, ಕೈಬಿಟ್ಟ ಪ್ರತಿ ಕಂಪನಿಯ ಎದುರಿಗೂ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಫೈಲಿನಲ್ಲಿಡುತ್ತೇನೆ. ಎಚ್‌ಎಂಆರ್‌ಸಿ (ಬ್ರಿಟನ್ನಿನ ತೆರಿಗೆ ಇಲಾಖೆ) ಎರಡು ವರ್ಷ ಬಿಟ್ಟು ಕೇಳಿದಾಗ ನೆನಪು ಕೈಕೊಡುತ್ತದೆ.

ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕಾದ 15 ಲಕ್ಷ ಪೌಂಡ್ ಲಾಭದ ಮಿತಿಯೂ ಇದೇ ರೀತಿ ಭಾಗವಾಗುತ್ತದೆ. ಐದು ಅಸೋಸಿಯೇಟೆಡ್ ಕಂಪನಿ ಇದ್ದರೆ ಅದು ಎರಡೂವರೆ ಲಕ್ಷ. ಅಲ್ಲಿ ನೋಡುವುದು ಹಿಂದಿನ ಅವಧಿಯ ಕೊನೆಯ ದಿನ ಇದ್ದ ಸಂಖ್ಯೆಯನ್ನು, ಆದ್ದರಿಂದ 326ರ ಅಂಕಿಯನ್ನು ಹಾಗೆಯೇ ಎತ್ತಿ ಬಳಸಬೇಡಿ.