ಕೊಂಡ ಪ್ಯಾಟರ್ನಿನಿಂದ ಹೊಲಿದದ್ದನ್ನು ಮಾರಲು ನಿಯಮ ಬರೆಯುವುದು ಹೇಗೆ?

ಹೊಲಿಗೆಯ ಪ್ಯಾಟರ್ನ್‌ಗಳನ್ನು (ಬಟ್ಟೆಯನ್ನು ಕತ್ತರಿಸಿ ಹೊಲಿಯಲು ಬಳಸುವ ಮಾದರಿ ನಕ್ಷೆಗಳನ್ನು) ರಚಿಸಿ ಮಾರುವವರಿಗೆ ಕೊಂಡವರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ: ಇದರಿಂದ ಹೊಲಿದ ಚೀಲವನ್ನೋ ಅಂಗಿಯನ್ನೋ ನಾನು ಮಾರಬಹುದೇ? ಉತ್ತರವನ್ನು ಮೊದಲೇ ಬರೆದಿಡದಿದ್ದರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳುವಂತಾಗಿ ಮನಸ್ತಾಪಕ್ಕೆ ಎಡೆಯಾಗುತ್ತದೆ.

ನಿಯಮ ಬರೆಯುವ ಮುನ್ನ ನಿಮ್ಮ ಹಕ್ಕು ಎಲ್ಲಿಯವರೆಗೆ ಇದೆಯೆಂಬುದನ್ನು ತಿಳಿದುಕೊಳ್ಳಿ. ನೀವು ಬರೆದ ರೇಖಾಚಿತ್ರ, ಹೊಲಿಯುವ ಕ್ರಮದ ವಿವರಣೆ ಮತ್ತು ತೆಗೆದ ಛಾಯಾಚಿತ್ರಗಳಿಗೆ ಹಕ್ಕುಸ್ವಾಮ್ಯ (ಕಾಪಿರೈಟ್) ಇದೆ. ಆದರೆ ಬೌದ್ಧಿಕ ಆಸ್ತಿಯ ಹಕ್ಕುಗಳ ಬಗ್ಗೆ 1995ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದದ 9ನೆಯ ವಿಧಿಯ ಪ್ರಕಾರ ಹಕ್ಕುಸ್ವಾಮ್ಯದ ರಕ್ಷಣೆ ಅಭಿವ್ಯಕ್ತಿಗೆ ದೊರೆಯುತ್ತದೆಯೇ ಹೊರತು ಆಲೋಚನೆಗಾಗಲಿ ಕಾರ್ಯವಿಧಾನಕ್ಕಾಗಲಿ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ, ಬೇಕರ್ ಮತ್ತು ಸೆಲ್ಡನ್ ಪ್ರಕರಣದಲ್ಲಿ, ಲೆಕ್ಕ ಬರೆಯುವ ಪದ್ಧತಿಯೊಂದನ್ನು ವಿವರಿಸುವ ಪುಸ್ತಕದ ಹಕ್ಕು ಆ ಪದ್ಧತಿಯ ಬಳಕೆಯನ್ನು ತಡೆಯಲಾರದೆಂದು ಹೇಳಿತ್ತು. ಅದೇ ನ್ಯಾಯಾಲಯ 2017ರಲ್ಲಿ, ಉಡುಪಿನ ಮೇಲಿನ ಅಲಂಕಾರವನ್ನು ಉಡುಪಿನಿಂದ ಬೇರ್ಪಡಿಸಿ ಕಲೆಯಾಗಿ ಕಾಣಬಹುದಾದರೆ ಅದಕ್ಕೆ ರಕ್ಷಣೆ ಸಿಗಬಹುದೆಂದೂ ತೀರ್ಪಿತ್ತಿತು. ಹೀಗಾಗಿ ನೀವು ಬರೆದ ಕಸೂತಿಯ ಚಿತ್ರದ ಮೇಲೆ ಇರುವಷ್ಟು ಹಿಡಿತ ಚೀಲದ ಕತ್ತರಿಕೆಯ ಮೇಲೆ ಇರುವುದಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ನಿಮ್ಮಲ್ಲಿನ ಸ್ಥಿತಿಯನ್ನು ತಿಳಿದವರಿಂದ ಕೇಳಿ ಖಚಿತಪಡಿಸಿಕೊಳ್ಳಿ.

ಸಿದ್ಧವಸ್ತುವಿನ ಮಾರಾಟದ ಮೇಲೆ ಹಾಕುವ ಷರತ್ತು ಬಹುಮಟ್ಟಿಗೆ ನಿಮ್ಮ ಮತ್ತು ಕೊಂಡವರ ನಡುವಿನ ಒಪ್ಪಂದದ ಮೇಲೆ ನಿಂತಿರುತ್ತದೆ. ಆದ್ದರಿಂದ ಅದನ್ನು ಹಣ ಕೊಡುವ ಮೊದಲೇ ಓದಲು ಸಿಗುವಂತೆ ಇಡಿ. ಹಣ ಪಡೆದ ಮೇಲೆ ಫೈಲಿನ ಕೊನೆಯ ಪುಟದಲ್ಲಿ ತೋರಿಸಿದ ಷರತ್ತನ್ನು ಕೊಂಡವರು ಒಪ್ಪಿದ್ದರೆಂದು ಹೇಳುವುದು ಕಷ್ಟ, ಅದು ನ್ಯಾಯವೂ ಅಲ್ಲ.

ಬಳಿಕ ಯಾರು ಹೊಲಿಯಬಹುದೆಂದು ಬರೆಯಿರಿ. ‘ಕೈಯಿಂದ ಮಾಡಿದ್ದು ಮಾತ್ರ’ ಎಂದರೆ ಹೊಲಿಗೆ ಯಂತ್ರ ಬಳಸಬಹುದೋ ಇಲ್ಲವೋ ಎಂಬ ಗೊಂದಲ ಉಳಿಯುತ್ತದೆ. ಅದರ ಬದಲು ‘ಪ್ಯಾಟರ್ನ್ ಕೊಂಡವರು ತಾವೇ ಹೊಲಿದ ವಸ್ತುಗಳನ್ನು ಮಾರಬಹುದು, ಕಾರ್ಖಾನೆಗೆ ಅಥವಾ ಗುತ್ತಿಗೆಗೆ ಕೊಟ್ಟು ಹೊಲಿಸುವುದಾದರೆ ಪ್ರತ್ಯೇಕ ಪರವಾನಗಿ ಪಡೆಯಬೇಕು’ ಎಂದರೆ ಸಂಶಯಕ್ಕೆ ಎಡೆಯಿಲ್ಲ. ಇಷ್ಟೇ ವಸ್ತುಗಳೆಂದು ಮಿತಿ ಹಾಕುವವರೂ ಇದ್ದಾರೆ. ಯಾರು ಎಷ್ಟು ಹೊಲಿದರೆಂದು ಎಣಿಸುವ ದಾರಿಯಿಲ್ಲದಿರುವಾಗ ಅಂಥ ಮಿತಿ ಪ್ರಾಮಾಣಿಕರನ್ನಷ್ಟೇ ಕಟ್ಟಿಹಾಕುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಾಡಬಾರದ್ದನ್ನು ಬಿಡಿಬಿಡಿಯಾಗಿ ಹೇಳಿ: ಪಿಡಿಎಫ್ ಫೈಲನ್ನು ಹಂಚುವುದು, ಮುದ್ರಿಸಿದ ಪ್ರತಿಗಳನ್ನು ಮಾರುವುದು, ನಿಮ್ಮ ಛಾಯಾಚಿತ್ರಗಳನ್ನು ತಮ್ಮ ಜಾಹೀರಾತಿಗೆ ಬಳಸುವುದು, ವಿವರಣೆಯನ್ನು ಅನುವಾದಿಸಿ ಪ್ರಕಟಿಸುವುದು. ತರಗತಿಯಲ್ಲಿ ಕಲಿಸುವವರಿದ್ದರೆ ಪ್ರತಿ ವಿದ್ಯಾರ್ಥಿಯೂ ತನ್ನದೇ ಪ್ರತಿಯನ್ನು ಕೊಳ್ಳಬೇಕೆಂಬುದನ್ನೂ ಸೇರಿಸಿ.

ನಿಮ್ಮ ಹೆಸರನ್ನು ನಮೂದಿಸಬೇಕೆಂದಿದ್ದರೆ ಬಳಸಬೇಕಾದ ವಾಕ್ಯವನ್ನು ನೀವೇ ಬರೆದುಕೊಡಿ. ವಿನ್ಯಾಸ ನಿಮ್ಮದು, ಹೊಲಿಗೆ ಮಾರುವವರದು ಎಂಬುದು ಅದರಲ್ಲಿ ತಿಳಿಯಬೇಕು. ಇಲ್ಲವಾದರೆ ಬಿಚ್ಚಿಹೋದ ಹೊಲಿಗೆಯ ದೂರು ನಿಮ್ಮ ಬಳಿಗೆ ಬರುತ್ತದೆ. ಮಕ್ಕಳ ಬಟ್ಟೆ, ಆಟಿಕೆಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಸಡಿಲವಾದ ಗುಂಡಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಕುತ್ತಿಗೆಯ ಬಳಿಯ ದಾರ ಉಸಿರು ಕಟ್ಟಿಸಬಹುದು. ಆದ್ದರಿಂದ ಸುರಕ್ಷತೆಯ ನಿಯಮಗಳನ್ನು ಪಾಲಿಸುವ ಹೊಣೆ ಹೊಲಿದು ಮಾರುವವರದೆಂದು ಸ್ಪಷ್ಟವಾಗಿ ಬರೆಯಿರಿ. ಕಾರ್ಟೂನ್ ಪಾತ್ರಗಳಿರುವ ಬಟ್ಟೆಗೆ ಬೇರೆಯವರ ಹಕ್ಕು ಇರಬಹುದೆಂದೂ, ನಿಮ್ಮ ಅನುಮತಿ ಅದಕ್ಕೆ ಅನ್ವಯಿಸದೆಂದೂ ಒಂದು ಸಾಲು ಇರಲಿ.

ನಿಯಮಗಳ ಕೆಳಗೆ ದಿನಾಂಕ ಹಾಕಿ, ಹಳೆಯ ಪ್ರತಿಗಳನ್ನು ಕಾಪಾಡಿಕೊಳ್ಳಿ. ಮುಂದೆ ಷರತ್ತು ಬದಲಾಯಿಸಿದರೆ ಅದು ಆ ದಿನದ ನಂತರ ಕೊಂಡವರಿಗೆ ಮಾತ್ರ. ಮೊದಲೇ ಕೊಂಡವರಿಗೆ ಅವರು ಓದಿ ಒಪ್ಪಿದ ನಿಯಮವೇ ಉಳಿಯಬೇಕು.