ಸ್ಮೂದನಿಂಗ್ ಸಾಕು, ಗುಂಗುರು ಬರಲಿ: ಮುಂಬೈ ನೀರಿನಲ್ಲಿ, ಮುಂಬೈ ಹವೆಯಲ್ಲಿ ಹೇಗೆ?

ಗುಂಗುರು ಕೂದಲು ನೇರವಾಗಲೆಂದು ಪಾರ್ಲರಿನಲ್ಲಿ ಸ್ಮೂದನಿಂಗೋ ರೀಬಾಂಡಿಂಗೋ ಮಾಡಿಸಿ ಆರು ತಿಂಗಳಾಯಿತೆನ್ನಿ. ಬೈತಲೆಯ ಎರಡೂ ಕಡೆ ನಾಲ್ಕು ಬೆರಳಗಲ ಗುಂಗುರು ಎದ್ದಿರುತ್ತದೆ, ಅದರ ಕೆಳಗೆ ಕೋಲಿನಂಥ ನೇರ ಕೂದಲು ಜೋತುಬಿದ್ದಿರುತ್ತದೆ. ಪಾರ್ಲರಿಗೆ ಹೋದರೆ ‘ಟಚ್‌ಅಪ್ ಮಾಡಿಸಿಬಿಡಿ’ ಎನ್ನುತ್ತಾರೆ. ಅದು ಬೇಡ, ಹುಟ್ಟಿನಿಂದ ಬಂದ ಗುಂಗುರೇ ಇರಲಿ ಎಂದು ತೀರ್ಮಾನಿಸಿದವರು ಮುಂದಿನ ಒಂದೂವರೆ ವರ್ಷ ಮಾಡಬೇಕಾದ ಕೆಲಸ ಇಲ್ಲಿದೆ.

ಮೊದಲು ಒಂದು ಆಸೆ ಬಿಡಬೇಕು. ನೇರ ಮಾಡಿಸಿದ ಭಾಗ ಯಾವ ಎಣ್ಣೆಗೂ ಯಾವ ಕ್ರೀಮಿಗೂ ಮತ್ತೆ ಸುರುಳಿಯಾಗುವುದಿಲ್ಲ. ಕೂದಲಿನ ಎಳೆಯೊಳಗಿನ ಕೆರಟಿನ್ ಸರಪಳಿಗಳನ್ನು ಡೈಸಲ್ಫೈಡ್ ಎಂಬ ಗಂಧಕದ ಕೊಂಡಿಗಳು ಹಿಡಿದಿಟ್ಟಿರುತ್ತವೆ. ಸ್ಮೂದನಿಂಗ್ ಕ್ರೀಮಿನಲ್ಲಿರುವ ಥಯೋಗ್ಲೈಕೋಲೇಟ್ ಈ ಕೊಂಡಿಗಳನ್ನು ಬಿಚ್ಚುತ್ತದೆ. ಇಸ್ತ್ರಿ ಎಳೆಯನ್ನು ನೆಟ್ಟಗೆ ಮಾಡುತ್ತದೆ. ಆಮೇಲೆ ಹಚ್ಚುವ ನ್ಯೂಟ್ರಲೈಸರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಕೊಂಡಿಗಳನ್ನು ಹೊಸ ಜಾಗದಲ್ಲಿ ಬಿಗಿಯುತ್ತದೆ. ಹೀಗಾಗಿ ಹೊಸ ಕೂದಲು ಬೆಳೆಯಬೇಕು, ಹಳೆಯದು ಕತ್ತರಿಗೆ ಹೋಗಬೇಕು. ಕೆರಟಿನ್ ಟ್ರೀಟ್‌ಮೆಂಟಿನ ಕತೆ ಬೇರೆ. ಅದರ ಬಹುಪಾಲು ಮೂರ್ನಾಲ್ಕು ತಿಂಗಳಲ್ಲಿ ತೊಳೆದುಹೋಗುತ್ತದೆ. ಆದರೆ ಅದನ್ನು ಕೂರಿಸುವಾಗ 200 ಡಿಗ್ರಿಗೂ ಹೆಚ್ಚು ಬಿಸಿಯ ಇಸ್ತ್ರಿ ಹಾಯಿಸಿರುತ್ತಾರೆ. ಆ ಬಿಸಿಗೆ ಸತ್ತ ಸುರುಳಿಯೂ ತಿರುಗಿ ಬರುವುದಿಲ್ಲ.

ಎಷ್ಟು ದಿನ ಹಿಡಿಯುತ್ತದೆ?

ಕೂದಲು ಸರಾಸರಿ ತಿಂಗಳಿಗೆ 1.25 ಸೆಂ.ಮೀ. ಬೆಳೆಯುತ್ತದೆ. ಇವತ್ತೇ ನೇರ ಮಾಡಿಸಿದ 40 ಸೆಂ.ಮೀ. ಕೂದಲಿದೆ, ಎರಡು ತಿಂಗಳಿಗೊಮ್ಮೆ 5 ಸೆಂ.ಮೀ. ಕತ್ತರಿಸುತ್ತೀರಿ ಎಂದುಕೊಳ್ಳಿ. 16 ತಿಂಗಳಿಗೆ ನೇರ ಭಾಗವೆಲ್ಲ ಹೋಗಿ 20 ಸೆಂ.ಮೀ. ಗುಂಗುರು ಉಳಿಯುತ್ತದೆ. ಎರಡು ತಿಂಗಳಿಗೆ 2.5 ಸೆಂ.ಮೀ. ಮಾತ್ರ ಕತ್ತರಿಸಿದರೆ ಉದ್ದ ಇದ್ದಷ್ಟೇ ಇರುತ್ತದೆ, ಆದರೆ 32 ತಿಂಗಳು ಕಾಯಬೇಕು. 20 ಸೆಂ.ಮೀ. ಎಂದದ್ದು ಎಳೆದು ಅಳೆದ ಅಳತೆ. ಒಣಗಿ ಸುರುಳಿಕಟ್ಟಿದ ಮೇಲೆ ಅದು 12–13 ಸೆಂ.ಮೀ.ನಂತೆ ಕಾಣಬಹುದು. ಒಂದೇ ಸಲ ಬೋಳುಬೋಳಾಗಿ ಕತ್ತರಿಸಿಕೊಳ್ಳುವವರೂ ಇದ್ದಾರೆ. ಧೈರ್ಯವಿದ್ದರೆ ಅದೇ ಸುಲಭದ ದಾರಿ, ಸಿಕ್ಕಿನ ಕಾಟ ಅಂದಿಗೇ ಮುಗಿಯುತ್ತದೆ.

ಪಾರ್ಲರಿನಲ್ಲಿ ‘ಕುರಳೆ ಕೇಸ್ ಆಹೇತ್’ ಎಂದು ಮರಾಠಿಯಲ್ಲಿ ಮೊದಲೇ ಹೇಳಿ, ಒಣಗಿದ ಕೂದಲನ್ನೇ ಕತ್ತರಿಸಲು ಕೇಳಿ. ಒದ್ದೆಯಲ್ಲಿ ಎಳೆದು ಕತ್ತರಿಸಿದರೆ ಒಣಗಿದ ಮೇಲೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಹಲ್ಲುಹಲ್ಲಾದ ಥಿನ್ನಿಂಗ್ ಕತ್ತರಿ, ರೇಜರ್ ಎರಡೂ ಬೇಡ. ಅವು ಸುರುಳಿಯ ಗೊಂಚಲನ್ನು ಒಡೆದು ಕೆದರಿಸುತ್ತವೆ.

ನಿಮ್ಮ ಬಿಲ್ಡಿಂಗಿನ ನೀರು ಯಾವುದು?

ಶಾಂಪೂ ಕೊಳ್ಳುವ ಮುಂಚೆ ಇದನ್ನು ನೋಡಿ. ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳಿಂದ ಬರುವ ಮುಂಬೈ ಮಹಾನಗರಪಾಲಿಕೆಯ ನೀರು ಮೆದು. ಆದರೆ ಎಷ್ಟೋ ಸೊಸೈಟಿಗಳು ಬೋರ್‌ವೆಲ್ ನೀರನ್ನೋ ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನೋ ಬಚ್ಚಲಿನ ನಲ್ಲಿಗೆ ಬಿಡುತ್ತವೆ. ಎರಡು ಬಾಟಲಿ ತೆಗೆದುಕೊಂಡು ಒಂದಕ್ಕೆ ಬಚ್ಚಲಿನ ನೀರು, ಇನ್ನೊಂದಕ್ಕೆ ಆರ್‌ಒ ನೀರು ಅರ್ಧದಷ್ಟು ತುಂಬಿ. ಎರಡಕ್ಕೂ ಸ್ನಾನದ ಸೋಪಿನ ಒಂದೇ ಅಳತೆಯ ತುರಿ ಹಾಕಿ ಅಲುಗಾಡಿಸಿ. ಬಚ್ಚಲಿನ ನೀರು ನೊರೆ ಕಟ್ಟದೆ ಕದಡಿದ ಹಾಲಿನಂತಾದರೆ ಅದು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಳೆಯ ಮೇಲೆ ಕೂತು ಕೂದಲು ಒರಟಾಗುತ್ತದೆ, ಹಚ್ಚಿದ್ದೇನೂ ಒಳಗಿಳಿಯುವುದಿಲ್ಲ. ಇದಕ್ಕೆ ತಿಂಗಳಿಗೊಮ್ಮೆ, ಬಾಟಲಿಯ ಮೇಲೆ ‘ಚೆಲೇಟಿಂಗ್’ ಅಥವಾ ‘ಹಾರ್ಡ್ ವಾಟರ್’ ಎಂದಿರುವ ಶಾಂಪೂ ಬಳಸಿ. ಉಳಿದ ದಿನ ಕೊನೆಯ ಒಂದು ಲೀಟರು ಮಾತ್ರ ಆರ್‌ಒ ನೀರು ಸುರಿದುಕೊಂಡರೂ ವ್ಯತ್ಯಾಸ ಗೊತ್ತಾಗುತ್ತದೆ.

ಎಣ್ಣೆ, ಶಾಂಪೂ

ತಲೆಗೆ ಎರೆದುಕೊಳ್ಳುವ ಒಂದೆರಡು ಗಂಟೆ ಮೊದಲು ಎರಡು ಚಹಾ ಚಮಚ ಕೊಬ್ಬರಿ ಎಣ್ಣೆಯನ್ನು ಬುಡಕ್ಕಲ್ಲ, ಕೂದಲಿನ ಉದ್ದಕ್ಕೆ ಹಚ್ಚಿ. ಗುಂಗುರೂ ನೇರವೂ ಸೇರುವ ಗಡಿಗೆ ಒಂದಿಷ್ಟು ಹೆಚ್ಚು ಹಚ್ಚಿ. ಮುಂಬೈಯ ಮಾರಿಕೊ ಕಂಪನಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಕೊಬ್ಬರಿ ಎಣ್ಣೆ ಮಾರುವವರೇ ಮಾಡಿದ ಅಧ್ಯಯನ ಎನ್ನುವುದೂ ನೆನಪಿರಲಿ. ಆದರೂ ಅವರು ಕೊಡುವ ಕಾರಣ ಒಪ್ಪುವಂಥದ್ದು: ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ಎಳೆಯ ಒಳಕ್ಕೆ ಇಳಿಯುತ್ತದೆ.

ಇಂಟರ್‌ನೆಟ್ಟಿನಲ್ಲಿ ಶಾಂಪೂವನ್ನೇ ಬಿಡಿ, ಕಂಡಿಷನರಿನಲ್ಲೇ ತೊಳೆಯಿರಿ ಎನ್ನುವವರಿದ್ದಾರೆ. ಒಣ ಹವೆಯ ಊರಿಗೆ ಅದು ಸರಿಹೋಗಬಹುದು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್ಲಿನಲ್ಲಿ ಬೆವರುತ್ತ ನಿಂತು ಬರುವ ನೆತ್ತಿಗೆ ಅದು ಆಗದು, ಹೊಟ್ಟು, ತುರಿಕೆ ಶುರುವಾಗುತ್ತದೆ. ಸಲ್ಫೇಟ್ ಇಲ್ಲದ ಶಾಂಪೂ ಒಂದು ಚಹಾ ಚಮಚ, ಅರ್ಧ ಚೊಂಬು ನೀರಿಗೆ ಬೆರೆಸಿ, ವಾರಕ್ಕೆ ಎರಡು ಸಲ ಬುಡಕ್ಕೆ ಮಾತ್ರ ಉಜ್ಜಿ. ಉದ್ದಕ್ಕೆ ಇಳಿದುಬರುವ ನೊರೆಯೇ ಸಾಕು. ಸೀಗೆಕಾಯಿ ಬಿಡಲಾರದವರು ಪುಡಿಯನ್ನು ನೇರವಾಗಿ ಹಚ್ಚದೆ ಕುದಿಸಿ, ಸೋಸಿದ ನೀರು ಬಳಸಲಿ. ತರಿ ಸುರುಳಿಯೊಳಗೆ ಸಿಕ್ಕಿಕೊಂಡರೆ ಕಿತ್ತು ತೆಗೆಯುವಾಗ ಮುರಿಯುವುದು ಆ ಗಡಿಯೇ.

ಸಿಕ್ಕು ಬಿಡಿಸುವುದು

ಎಲ್ಲರೂ ಸೋಲುವುದು ಇಲ್ಲಿ. ಎಳೆಯ ಅತಿ ದುರ್ಬಲ ಜಾಗ ಈ ಗಡಿ. ಮೇಲೆ ಬಾಗುವ ಕೂದಲು, ಕೆಳಗೆ ಬಾಗದ ಕೂದಲು, ಬಾಚಿದಾಗ ಎಳೆತವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ಆದ್ದರಿಂದ ಒಣಗಿದಾಗ ಬಾಚಲೇ ಬೇಡಿ. ಶಾಂಪೂ ತೊಳೆದ ಮೇಲೆ ಭುಜದುದ್ದದ ಕೂದಲಿಗೆ ಎರಡು ದೊಡ್ಡ ಚಮಚ ಕಂಡಿಷನರ್ ಹಚ್ಚಿ, ನಾಲ್ಕು ಪಾಲು ಮಾಡಿ. ಒಂದೊಂದು ಪಾಲನ್ನೂ ಗಡಿಯ ಮೇಲೆ ಬೆರಳಿನಿಂದ ಬಿಗಿಯಾಗಿ ಹಿಡಿದು ಮೊದಲು ತುದಿಯ ಸಿಕ್ಕು, ಆಮೇಲೆ ನಡು, ಕೊನೆಗೆ ಬುಡ ಬಿಡಿಸಿ. ಬೆರಳಲ್ಲೇ ಬಿಡಿಸಿದರೆ ಒಳ್ಳೆಯದು, ಇಲ್ಲವೇ ದೊಡ್ಡ ಹಲ್ಲಿನ ಬಾಚಣಿಗೆ. ಹತ್ತು ನಿಮಿಷ ಆಗುತ್ತದೆ. ಆಫೀಸಿಗೆ ಓಡುವ ಬೆಳಿಗ್ಗೆ ಈ ಕೆಲಸ ಇಟ್ಟುಕೊಳ್ಳಬೇಡಿ.

ಉದುರಿದ ಎಳೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿ ಗುಳ್ಳೆಯಿದ್ದರೆ ಅದು ಬುಡದಿಂದ ಸಹಜವಾಗಿ ಉದುರಿದ್ದು. ಗುಳ್ಳೆಯಿಲ್ಲದ ತುಂಡುಗಳೇ ಬರುತ್ತಿದ್ದರೆ ಗಡಿ ಮುರಿಯುತ್ತಿದೆ. ಹಾಗಿದ್ದರೆ ಒದ್ದೆ ಎಳೆಯೊಂದನ್ನು ಮೆಲ್ಲಗೆ ಎಳೆಯಿರಿ. ರಬ್ಬರಿನಂತೆ ಉದ್ದಕ್ಕೆ ಬಂದು ಹಿಂದೆ ಸರಿಯದಿದ್ದರೆ ಎರಡು ವಾರಕ್ಕೊಮ್ಮೆ ಪ್ರೋಟೀನ್ ಮಾಸ್ಕ್ ಬೇಕು. ಎಳೆದ ತಕ್ಷಣ ಪಟ್ಟೆಂದು ತುಂಡಾದರೆ ಪ್ರೋಟೀನ್ ನಿಲ್ಲಿಸಿ, ಕಂಡಿಷನರ್ ಹೆಚ್ಚಿಸಿ. ನೀರಿನ ಲೋಟದಲ್ಲಿ ಕೂದಲು ತೇಲುತ್ತದೋ ಮುಳುಗುತ್ತದೋ ಎಂದು ನೋಡುವ ಪರೀಕ್ಷೆಯನ್ನು ನಂಬಬೇಡಿ. ಎಳೆಗೆ ಎಣ್ಣೆ ಹತ್ತಿದ್ದರೂ ತೇಲುತ್ತದೆ.

ಅಗಸೆ ಜೆಲ್

ಜೆಲ್ ಇಲ್ಲದೆ ಸುರುಳಿ ನಿಲ್ಲದು. ಅಂಗಡಿಯದು ದುಬಾರಿ ಎನಿಸಿದರೆ ಮನೆಯಲ್ಲೇ ಕಾಸಿಕೊಳ್ಳಬಹುದು. ಕಿರಾಣಿಯವನ ಹತ್ತಿರ ‘ಜವಸ್’ ಎಂದು ಕೇಳಿದರೆ ಅಗಸೆಬೀಜ ಕೊಡುತ್ತಾನೆ. 40 ಗ್ರಾಂ ಬೀಜಕ್ಕೆ ಅರ್ಧ ಲೀಟರು ನೀರು. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ತಿರುವುತ್ತ ಎಂಟು-ಹತ್ತು ನಿಮಿಷ ಕುದಿಸಿ. ಸೌಟು ಎತ್ತಿದಾಗ ಒಂದೆಳೆ ಪಾಕದಂತೆ ಲೋಳೆ ಇಳಿದರೆ ಒಲೆ ಆರಿಸಿ. ಬಿಸಿಯಿರುವಾಗಲೇ ಸೋಸಬೇಕು, ಆರಿದರೆ ಲೋಳೆ ಬೀಜಕ್ಕೆ ಅಂಟಿಕೊಂಡು ಕೆಳಗಿಳಿಯುವುದೇ ಇಲ್ಲ. ಮಲ್ಲು ಬಟ್ಟೆಗಿಂತ ಹಳೆಯ ನೈಲಾನ್ ಕಾಲುಚೀಲ ವಾಸಿ, ಕೈಸುಡದಂತೆ ಇಕ್ಕಳದಲ್ಲಿ ಹಿಂಡಬಹುದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಹೊರಗಿಟ್ಟರೆ ಎರಡನೇ ದಿನಕ್ಕೇ ಹಳಸೀತು. ಹೆಚ್ಚಾದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಡಿ.

ಹಚ್ಚುವಾಗ ಕೂದಲು ತೊಟ್ಟಿಕ್ಕುವಷ್ಟು ಒದ್ದೆಯಿರಬೇಕು. ಮೂರು ದೊಡ್ಡ ಚಮಚ ಜೆಲ್ಲನ್ನು ಎರಡೂ ಅಂಗೈಗೆ ಸವರಿಕೊಂಡು, ಕೈಮುಗಿದಂತೆ ಕೂದಲನ್ನು ನಡುವೆ ಹಿಡಿದು ಕೆಳಕ್ಕೆ ಜಾರಿಸಿ. ಆಮೇಲೆ ತಲೆ ಬಗ್ಗಿಸಿ ತುದಿಯಿಂದ ಮೇಲಕ್ಕೆ ಹಿಡಿಹಿಡಿಯಾಗಿ ಒತ್ತಿ. ಒರಟು ಟವೆಲ್ಲಿನಿಂದ ಉಜ್ಜಬೇಡಿ. ಹಳೆಯ ಕಾಟನ್ ಟೀಶರ್ಟಿನಲ್ಲಿ ಹದಿನೈದು ನಿಮಿಷ ಕಟ್ಟಿಟ್ಟು ಬಿಚ್ಚಿದರೆ ಹೆಚ್ಚಿನ ನೀರು ಹೋಗಿರುತ್ತದೆ. ಪೂರ್ತಿ ಒಣಗುವವರೆಗೆ ಮುಟ್ಟಬಾರದು. ಒಣಗಿದ ಮೇಲೆ ಗರಿಗರಿ ಗಂಜಿ ಹಾಕಿದಂತಿರುತ್ತದೆ. ಗಾಬರಿ ಬೇಡ, ಮೂರು ಹನಿ ಎಣ್ಣೆ ಅಂಗೈಗೆ ಸವರಿ ಹಿಸುಕಿದರೆ ಮೆತ್ತಗಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್

ಮಳೆಗಾಲದಲ್ಲಿ ಗ್ಲಿಸರಿನ್ ಮತ್ತು ಜೇನು ಇರುವ ಜೆಲ್, ಕ್ರೀಮುಗಳನ್ನು ಪಕ್ಕಕ್ಕಿಡಿ. ಅವು ಗಾಳಿಯ ತೇವವನ್ನು ಎಳೆಯೊಳಕ್ಕೆ ಸೆಳೆದು ಕೂದಲು ಉಬ್ಬಿ ಹುಲ್ಲುಬಣವೆಯಾಗುತ್ತದೆ. ಅಗಸೆ ಜೆಲ್ಲಿನ ಹಿಡಿತವೂ ಈ ತಿಂಗಳುಗಳಲ್ಲಿ ಸಾಲದು. ಅದರ ಮೇಲೆ ‘ಸ್ಟ್ರಾಂಗ್ ಹೋಲ್ಡ್’ ಜೆಲ್ ಒಂದು ಚಮಚ ಹಚ್ಚಿ. ಕೂದಲು ಒಣಗಲು ಐದಾರು ಗಂಟೆ ಹಿಡಿಯುವುದರಿಂದ ರಾತ್ರಿ ತಲೆ ತೊಳೆದು ಒದ್ದೆ ನೆತ್ತಿಯಲ್ಲಿ ಮಲಗಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಬೇಕಾದದ್ದೇ ಅದು. ಡ್ರೈಯರಿನ ಮೂತಿಗೆ ಗಾಳಿಯನ್ನು ಹರಡುವ ಡಿಫ್ಯೂಸರ್ ಸಿಕ್ಕಿಸಿ ಕಡಿಮೆ ಬಿಸಿಯಲ್ಲಿ ಬುಡ ಒಣಗಿಸಿ. ಪುಣೆಯಲ್ಲಿರುವವರಿಗೆ ಮಾರ್ಚ್–ಮೇ ಒಣಹವೆಯೇ ತಲೆನೋವು. ಅಲ್ಲಿ ಗ್ಲಿಸರಿನ್ ಆ ಒಣಗಿದ ಗಾಳಿಗೆ ಕೂದಲಿನದೇ ನೀರನ್ನು ಬಿಟ್ಟುಕೊಡುತ್ತದೆ.

ರಾತ್ರಿ ನೆತ್ತಿಯ ಮೇಲೆ ಸಡಿಲ ಜುಟ್ಟು, ದಿಂಬಿಗೆ ಸ್ಯಾಟಿನ್ ಅಥವಾ ಹಳೆಯ ರೇಷ್ಮೆ ಸೀರೆಯ ಒಡಲಿನ ತುಂಡು. ಸೆರಗಿನದು ಬೇಡ, ಜರಿ ಕೂದಲು ಎಳೆಯುತ್ತದೆ.

ಅರ್ಧ ಗುಂಗುರು, ಅರ್ಧ ನೇರದ ತಿಂಗಳುಗಳಲ್ಲಿ ಮದುವೆ, ಮುಂಜಿ ಬಂದರೆ? ಜೆಲ್ ಹಚ್ಚಿದ ಒದ್ದೆ ಕೂದಲನ್ನು ಆರೆಂಟು ಸಡಿಲ ಜಡೆ ಹೆಣೆದು, ನೇರ ತುದಿಗಳನ್ನು ಬಟ್ಟೆಯ ಪಟ್ಟಿಗೆ ಸುತ್ತಿ ಕಟ್ಟಿ. ಒಣಗಿದ ಮೇಲೆ ಬಿಚ್ಚಿದರೆ ಮೇಲೂ ಕೆಳಗೂ ಒಂದೇ ಬಗೆಯ ಅಲೆ ಕಾಣುತ್ತದೆ. ಮಲ್ಲಿಗೆ ದಂಡೆಯ ಭಾರ ಗಡಿಯ ಮೇಲೆ ಬೀಳದಂತೆ ಪಿನ್ನನ್ನು ತುರುಬಿಗೇ ಚುಚ್ಚಿ. ದಿನವೂ ಬಿಗಿ ತುರುಬು ಕಟ್ಟಿದರೆ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತದೆ. ಅಲ್ಲಿ ತೆಳುವಾದಂತೆ ಕಂಡರೆ, ಅಥವಾ ನಾಣ್ಯದಗಲ ಬೋಳು ಬಿದ್ದರೆ, ಚರ್ಮದ ಡಾಕ್ಟರಿಗೆ ತೋರಿಸಿ.

ಕೊನೆಯ ಕತ್ತರಿ ಒಂದು ಮಾತ್ರ ಒದ್ದೆಯಲ್ಲಿ ಆಗಲಿ. ಏನೂ ಹಚ್ಚದ ಒದ್ದೆ ಕೂದಲಿನಲ್ಲಿ ಗುಂಗುರು ಬಳ್ಳಿಯ ಕುಡಿಯಂತೆ ಸುತ್ತಿಕೊಳ್ಳುತ್ತದೆ, ಉಳಿದ ನೇರ ಚೂರು ದಾರದಂತೆ ಇಳಿಬೀಳುತ್ತದೆ. ಗಡಿಗಿಂತ ಅರ್ಧ ಸೆಂ.ಮೀ. ಮೇಲೆ, ಒಂದೊಂದೇ ಸುರುಳಿ ಹಿಡಿದು ಕತ್ತರಿಸಿ.